ಅಜ್ಜಿಯ ಮೆಮೊರಿ ಕಾರ್ಡು

ತೀರಿಹೋದ ನಮ್ಮಜ್ಜಿ ಚಂಪಾಬಾಯಿ ಹೇಳಿದ ಸ್ತೋತ್ರಗಳು ಉಳಿದಿದ್ದುದು ಆ ಮೆಮೊರಿ ಕಾರ್ಡಿನಲ್ಲಿ ಮಾತ್ರ. ಜೈನ ವ್ರತದವಳು, ಹೊತ್ತು ಮುಳುಗಿದ ಮೇಲೆ ಎಂದೂ ತುತ್ತು ಮುಟ್ಟಿದವಳಲ್ಲ. ಆದರೆ ಸಂಜೆ ದೀಪ ಹಚ್ಚಿ, ಕಾರ್ಡನ್ನು ನನ್ನ ಮೊಬೈಲಿಗೆ ಹಾಕಿ ಕೇಳತೊಡಗಿದೊಡನೆ ಮೊಬೈಲು ಹ್ಯಾಂಗಾಗಿ, ಸ್ತೋತ್ರದ ನಡುವೆ ಬಾಯಿ ಚಪ್ಪರಿಸಿ ಅಗಿಯುವ ಸದ್ದು ಬರತೊಡಗಿತು. ಕಾರ್ಡು ತೆಗೆದರೆ ಮೊಬೈಲು ಸರಿಯಾಗುತ್ತಿತ್ತು, ಬೆರಳಿಗೆ ಮಾತ್ರ ಜೊಲ್ಲಿನಂಥ ಅಂಟು, ಹಳಸಿದ ಅನ್ನದ ವಾಸನೆ. ಎಷ್ಟು ಒರೆಸಿದರೂ ಅಷ್ಟೇ.

"ಕಾರ್ಡ್ ಕೆಟ್ಟೈತ್ರಿ ದಾದಾ, ಫಾರ್ಮ್ಯಾಟ್ ಮಾಡೂದ," ಅಂದ ಶಹಾಪುರದ ಮೊಬೈಲ್ ಅಂಗಡಿಯ ಶೀತಲ.

"ಅಜ್ಜಿ ದನಿ ಹೋಗತೈತಲ್ಲೋ?"

"ಮತ್ತ ದಿನಾ ಊಟದ ಸಪ್ಪಳಾ ಕೇಳ್ಕೋಂತ ಕುಂಡ್ರತೀರೇನು?"

ಅಂಟಿದ ಬೆರಳನ್ನು ಅಂಗಿಗೆ ಒರೆಸಿಕೊಳ್ಳುತ್ತ ಹೂಂ ಅಂದೆ. ಎಲ್ಲ ಅಳಿಸಿದ.

ಸಂಜೆ ದೀಪ ಹಚ್ಚಿದೆ. ಖಾಲಿ ಕಾರ್ಡು ಮೊಬೈಲಿನಿಂದ ಹೊರಗೆ, ಅಜ್ಜಿಯ ಫೋಟೊದ ಮುಂದಿತ್ತು. ಸ್ತೋತ್ರ ಕೇಳಲಿಲ್ಲ. ಅಗಿಯುವುದು ನಿಂತಿರಲಿಲ್ಲ.