ತುಕ್ಕು ಹಿಡಿಯದ ನಳಿಗೆ

ಅಪ್ಪ ಸಾಯುವ ಮುನ್ನ ಅಂಗಡಿಯ ಬೀಗದ ಕೈಯನ್ನು ಅಳಿಯನಿಗೆ ಕೊಟ್ಟ. ಮಗ ಮಂಚದ ಇನ್ನೊಂದು ಮಗ್ಗುಲಲ್ಲಿ ಕೈಕಟ್ಟಿ ನಿಂತಿದ್ದ. ಕೊಡುವವನು ಸುಮ್ಮನೆ ಕೊಟ್ಟಿದ್ದರೆ ಆಗುತ್ತಿತ್ತು. "ಇವನಿಗೆ ಕೊಟ್ರೆ ಬೀಗದ ಕೈಗೂ ತುಕ್ಕು ಹಿಡಿಯುತ್ತೆ" ಎಂದು ನಕ್ಕ. ಸುತ್ತ ನಿಂತಿದ್ದ ನಂಟರೂ ನಕ್ಕರು. ಸಾಯುವವನ ತಮಾಷೆಗೆ ನಗದಿದ್ದರೆ ಚೆನ್ನಾಗಿರುವುದಿಲ್ಲವೆಂದು ಮಗನೂ ಹಲ್ಲು ಕಿರಿದ. ಆವತ್ತಿನ ಆ ನಗು ಅವನ ಗಂಟಲಲ್ಲಿ ಇನ್ನೂ ಸಿಕ್ಕಿಕೊಂಡೇ ಇದೆ. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಅಪ್ಪನದು ಕೋವಿ ರಿಪೇರಿಯ ಅಂಗಡಿ. ಹೊಸ ಕೋವಿಗಳನ್ನೂ ತರಿಸಿ ಮಾರುತ್ತಿದ್ದ. ಅಂಥವನ ಮಗನ ಕೈಬೆವರಿನಲ್ಲೇ ದೋಷವಿತ್ತು. ಎಲ್ಲೋ ಕೆಲವರಿಗೆ ಹಾಗಿರುತ್ತದಂತೆ. ಬರಿಗೈಯಲ್ಲಿ ಉಕ್ಕನ್ನು ಮುಟ್ಟಿದರೆ ಆ ಹೊತ್ತಿಗೆ ಏನೂ ಕಾಣುವುದಿಲ್ಲ. ಕೆಲವು ದಿನ ಬಿಟ್ಟು ನೋಡಿದರೆ ಮುಟ್ಟಿದ ಕಡೆಯೆಲ್ಲ ಬೆರಳಿನ ಗೆರೆಗಳ ಸಮೇತ ಕೆಂಪು ತುಕ್ಕು ಎದ್ದಿರುತ್ತದೆ. ಬಟ್ಟೆಯಲ್ಲಿ ಒರೆಸಿದರೂ ಅಷ್ಟೇ, ಉಪ್ಪು ಆಗಲೇ ಉಕ್ಕಿಗೆ ಇಳಿದಿರುತ್ತದೆ. ಹುಡುಗನಾಗಿದ್ದಾಗ ಗಿರಾಕಿಯೊಬ್ಬರ ಹಳೆಯ ಕೋವಿಯನ್ನು ಆಸೆಯಿಂದ ಎತ್ತಿ ಹೆಗಲಿಗೆ ಇಟ್ಟು ನೋಡಿದ್ದ. ವಾರದ ಮೇಲೆ ಕೋವಿ ವಾಪಸು ಬಂತು, ಜೊತೆಗೆ ಬೈಗುಳವೂ ಬಂತು. ಅಪ್ಪ ಅವನ ಬೆರಳುಗಳನ್ನು ನಳಿಗೆಯ ಮೇಲಿನ ಕಲೆಗಳಿಗೆ ಒಂದೊಂದಾಗಿ ಹೊಂದಿಸಿ ನೋಡಿ, ಎಲ್ಲರೆದುರು ಕಪಾಳಕ್ಕೆ ಬಾರಿಸಿದ. ಅಂದಿನಿಂದ ಅವನ ಹೆಸರು 'ಉಪ್ಪುಗೈ' ಆಯಿತು. ಅಂಗಡಿಯೊಳಗೆ ಕಾಲಿಡಬೇಕಾದರೆ ಕೈಗವಸು ಬೇಕು. ಗಿರಾಕಿಗಳಿಗೆ ಕುರ್ಚಿ ಹಾಕು, ಕಸ ಹೊಡಿ, ಪೆಟ್ಟಿಗೆ ಒಡೆದು ಕಟ್ಟು. ಕೆಲಸದ ಮೇಜಿನ ಹತ್ತಿರ ಮಾತ್ರ ಬರಬೇಡ.

ಅಕ್ಕನನ್ನು ಮದುವೆಯಾಗಿ ಬಂದ ಭಾವನ ಕೈ ಒಣಗಿದ ಕಟ್ಟಿಗೆಯಂಥದು, ಬೆವರುವುದೇ ಇಲ್ಲ. ಅಪ್ಪ ಆ ಕೈಯನ್ನು ಹಿಡಿದು ತಿರುಗಿಸಿ ನೋಡುತ್ತಿದ್ದ, ಮಗನನ್ನು ಒಮ್ಮೆಯೂ ಹಾಗೆ ಮುಟ್ಟಿರಲಿಲ್ಲ. ಭಾವ ಕೆಟ್ಟವನಾಗಿದ್ದರೆ ದ್ವೇಷ ಮಾಡುವುದು ಸುಲಭವಿತ್ತು. ಅವನು ಒಳ್ಳೆಯವನಾಗಿದ್ದ, ಅದೇ ಸಹಿಸಲಾಗದ ಸಂಗತಿ. "ಕೈಗವಸು ಹಾಕ್ಕೊಂಡ್ಯೇನೋ?" ಎಂದು ದಿನಾ ಬೆಳಿಗ್ಗೆ, ತಿಂಡಿ ತಿಂದ್ಯಾ ಎಂದು ಕೇಳುವ ಹಾಗೆ ಕೇಳುತ್ತಿದ್ದ. ಅಪ್ಪನ ಬೈಗುಳ ಚರ್ಮದ ಮೇಲೆ ಬಿದ್ದು ಹೋಗುತ್ತಿತ್ತು. ಈ ಅಕ್ಕರೆ ಮೂಳೆಗೆ ಇಳಿಯುತ್ತಿತ್ತು.

ಭಾವ ಇಲ್ಲದಿದ್ದರೆ ಅಂಗಡಿ ಅಕ್ಕನದಾಗುತ್ತದೆ, ಅಕ್ಕನಿಗೆ ಕೋವಿಯ ಹಿಂದುಮುಂದು ತಿಳಿಯದು. ಕೊನೆಗೆ ಬೀಗದ ಕೈ ಎಲ್ಲಿಗೆ ಬರಬೇಕೋ ಅಲ್ಲಿಗೇ ಬರುತ್ತದೆ. ಈ ಯೋಚನೆ ಮೊದಲು ಬಂದಾಗ ಅವನಿಗೆ ಭಯವಾಯಿತು. ಆಮೇಲೆ ಅದು ಮನೆಯ ಬೆಕ್ಕಿನ ಹಾಗೆ ಹೊಂದಿಕೊಂಡಿತು.

ದಾರಿಯನ್ನು ತೋರಿಸಿದ್ದು ಅಪ್ಪನ ಪದ್ಧತಿಯೇ. ಗುರಿ ಅಭ್ಯಾಸದ ಕ್ಲಬ್ಬಿನವರಿಗೆ ಹಳೆಯ ಮಾದರಿಯ ಕೋವಿಗಳ ಹುಚ್ಚು: ನಳಿಗೆಯ ಬಾಯಿಯಿಂದಲೇ ಮದ್ದು, ಗುಂಡು ತುಂಬಿ, ಸರಳಿನಿಂದ ಜಡಿದು, ಹಿಂದೆ ಕಿಡಿ ಹಾರಿಸುವ ಸಣ್ಣದೊಂದು ಕೇಪು ಕೂರಿಸಿ ಹೊಡೆಯುವಂಥವು. ಈ ಕೋವಿಯೊಳಗೆ ಈಡು ಇದೆಯೋ ಇಲ್ಲವೋ ಹೊರಗಿನಿಂದ ತಿಳಿಯುವುದಿಲ್ಲ. ಅದಕ್ಕೇ ಅಪ್ಪ ಕೆಲಸಕ್ಕೆ ಮುಂಚೆ ನಳಿಗೆಗೆ ಬಾಯಿಟ್ಟು ಊದುತ್ತಿದ್ದ. ಹಿಂದಿನ ತೂತಿನಿಂದ ಗಾಳಿ ಬಂದರೆ ಕೋವಿ ಖಾಲಿ. ಭಾವನೂ ಅದನ್ನೇ ಕಲಿತಿದ್ದ. ಇಡೀ ಊರಿನಲ್ಲಿ ದಿನಾ ಕೋವಿಯ ಬಾಯಿಗೆ ಮುಖವೊಡ್ಡುವ ಮನುಷ್ಯ ಇವನೊಬ್ಬನೇ. ಇಂಥವನು ಹಾಗೆ ಸತ್ತರೆ ಯಾರಿಗೆ ಆಶ್ಚರ್ಯ? ಸದ್ದಿನ ಚಿಂತೆಯೂ ಇರಲಿಲ್ಲ. ಊಟದ ಹೊತ್ತಿಗೆ ಹಿತ್ತಿಲಿನ ಮರಳಿನ ಪೆಟ್ಟಿಗೆಗೆ ಗುಂಡು ಹೊಡೆದು ಪರೀಕ್ಷಿಸುವುದು ಅಂಗಡಿಯ ರೂಢಿ. ಪಕ್ಕದ ದರ್ಜಿ ಆ ಸದ್ದು ಕೇಳಿ ಕತ್ತರಿ ಕೆಳಗಿಟ್ಟು ಊಟಕ್ಕೆ ಏಳುತ್ತಿದ್ದ.

ಉಳಿದದ್ದು ಒಂದೇ ತೊಡಕು, ಅವನ ಕೈ. ಕೈಗವಸು ಹಾಕಿ ಮುಗಿಸಬಹುದಿತ್ತು. ಆದರೆ ಆ ದಪ್ಪ ಚರ್ಮದ ಬೆರಳಿನಲ್ಲಿ ಕಾಳಿನಷ್ಟು ಚಿಕ್ಕ ಕೇಪನ್ನು ಕೂರಿಸುವುದು ಆಗದ ಮಾತು. ಅಲ್ಲದೆ, ಅದನ್ನು ಅವನಿಗೆ ಬರಿಗೈಯಲ್ಲೇ ಮಾಡಬೇಕಾಗಿತ್ತು. ಇಷ್ಟು ವರ್ಷ ಮುಟ್ಟಬೇಡ, ಮುಟ್ಟಬೇಡ ಎನ್ನಿಸಿಕೊಂಡ ಕೈಗೆ ಅಷ್ಟಾದರೂ ಸಲ್ಲಬೇಡವೇ?

ಆಗ ಹೊಳೆದದ್ದೇ ಅವನ ದೊಡ್ಡ ಯುಕ್ತಿ. ಉಪ್ಪುಗೈ ಮುಟ್ಟಿದ್ದಕ್ಕೆ ತುಕ್ಕು ಹಿಡಿಯುತ್ತದೆಂದು ಇಡೀ ಬೀದಿಗೆ ಗೊತ್ತು. ಹಾಗಿದ್ದರೆ, ತುಕ್ಕು ಹಿಡಿಯದ ಕೋವಿಯನ್ನು ಉಪ್ಪುಗೈ ಮುಟ್ಟಿಲ್ಲ. ಇಷ್ಟು ವರ್ಷ ಬೆನ್ನು ಹತ್ತಿದ ಶಾಪವೇ ಸಾಕ್ಷಿ ಹೇಳಲಿ. ಬೇಕಾದದ್ದು ಅವನ ಬೆವರಿಗೂ ಜಗ್ಗದ ಒಂದು ಕೋವಿ.

ಅದನ್ನು ಆರಿಸಿದ ಶ್ರದ್ಧೆಯಲ್ಲಿ ಜನ ಸೊಸೆಯನ್ನೂ ಆರಿಸುವುದಿಲ್ಲ. ಕಂಪನಿಯ ಏಜೆಂಟ್ ಬಂದಾಗಲೆಲ್ಲ ಬೇರೆಬೇರೆ ಲೇಪದ ಮಾದರಿ ತುಂಡುಗಳನ್ನು ಬಿಟ್ಟುಹೋಗುತ್ತಿದ್ದ. ಉಪ್ಪುಗೈ ಒಂದೊಂದನ್ನೇ ಮನೆಗೆ ಒಯ್ದು, ಬಿಸಿಲಿನಲ್ಲಿ ಮುಷ್ಟಿ ಕಟ್ಟಿ ಕೂತು ಬೆವರಿಸಿ, ಒದ್ದೆ ಹತ್ತಿಯ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟ. ಹಳೆಯ ಕಾಲದ ನೀಲಿಗಪ್ಪು ಬಣ್ಣ ನೋಡಲು ರಾಜ, ಬೆವರಿನೆದುರು ಮಾತ್ರ ಭಿಕಾರಿ. ಎಲ್ಲಕ್ಕಿಂತ ಮೊದಲು ಕೆಂಪಾಯಿತು. ಕಂದು ಬಣ್ಣದ್ದು ತಾನೇ ಒಂದು ಬಗೆಯ ತುಕ್ಕು, ಅದರ ಮೇಲೆ ಇನ್ನೊಂದು ತುಕ್ಕನ್ನು ಗುರುತಿಸುವುದೇ ಕಷ್ಟ. ಕ್ರೋಮು ಥಳಥಳ ಹೊಳೆದು ಅಂಚಿನಲ್ಲಿ ಸಿಪ್ಪೆ ಎದ್ದಿತು. ಸ್ಟೀಲಿನ ತುಂಡು ಬಹಳ ದಿನ ಮರ್ಯಾದೆಯಿಂದಿದ್ದು ಕೊನೆಗೆ ಸೂಜಿಮೊನೆಯಂಥ ಚುಕ್ಕಿಗಳನ್ನು ತೋರಿಸಿತು. ಉಳಿದದ್ದು ಒಂದು ಬೆಳ್ಳಿಬೂದು ತುಂಡು. ಅದರ ಲೇಪ ಮೇಲೆ ಬಳಿದದ್ದಲ್ಲ, ಕುಲುಮೆಯ ಕಾವಿನಲ್ಲಿ ಉಕ್ಕಿನ ಮೈಯೊಳಗೇ ಇಳಿಸಿದ್ದು. ಡಬ್ಬಿ ತೆರೆದಾಗಲೆಲ್ಲ ಅದು ಹೊಸದಾಗಿಯೇ ಇರುತ್ತಿತ್ತು. ಕೊನೆಗೆ ಉಪ್ಪುನೀರಿನಲ್ಲೇ ಮುಳುಗಿಸಿಟ್ಟ, ಆಗಲೂ ಕಲೆಯಿಲ್ಲ. ಆ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಅವನು ಅತ್ತ. ಇಂಥದ್ದೊಂದು ತನ್ನ ಹುಡುಗತನದಲ್ಲಿ ಇದ್ದಿದ್ದರೆ ತಾನೂ ಮಗನಾಗಿರುತ್ತಿದ್ದೆ ಎನ್ನಿಸಿತು.

ಕಂಪನಿಯ ಪುಸ್ತಕದಲ್ಲಿ ಆ ಲೇಪದ ಕೋವಿ ಒಂದೇ ಇತ್ತು. ನಳಿಗೆಗೆ ಮಾತ್ರವಲ್ಲ, ಟ್ರಿಗರು, ಹೆಬ್ಬೆರಳಿನಿಂದ ಎತ್ತಿ ಬಿಟ್ಟರೆ ಕೇಪನ್ನು ಬಡಿಯುವ ಕುದುರೆ, ಸ್ಕ್ರೂಗಳ ತಲೆ, ಎಲ್ಲಕ್ಕೂ ಅದೇ ಲೇಪ. ಕ್ಲಬ್ಬಿನವರಿಗೆ ತೋರಿಸಲು ಒಂದಿರಲಿ ಎಂದು ಭಾವನ ಮುಂದೆ ಹಿಡಿದ. ಭಾವ ಚಿತ್ರವನ್ನು ನೋಡಿದ, ಆಮೇಲೆ ಇವನ ಮುಖವನ್ನು ನೋಡಿದ.

"ನೀನೇ ಆರಿಸಿದ್ದೇನೋ?"

"ಹೂಂ ಭಾವ. ತುಕ್ಕು ಹಿಡಿಯಲ್ವಂತೆ. ಗಿರಾಕಿಗಳಿಗೆ ಅನುಕೂಲ."

"ಗಿರಾಕಿಗಳಿಗೆ!" ಭಾವ ಏನೋ ಅರ್ಥವಾದವನ ಹಾಗೆ ನಕ್ಕ. "ಆಯ್ತು, ತರಿಸೋಣ ಬಿಡು."

ಗಾಳಕ್ಕೆ ಬಿದ್ದ ಮೀನು ನಗುವುದನ್ನು ಅವನು ಮೊದಲ ಸಲ ನೋಡಿದ.

ಕೋವಿ ಬಂತು. ಭಾವ ಅದನ್ನು ಗಾಜಿನ ಕಪಾಟಿಗೆ ಇಡದೆ ತನ್ನ ಮೇಜಿನಲ್ಲೇ ಇಟ್ಟುಕೊಂಡ. ಅಪ್ಪನ ಖಾನೆಯಿಂದ ಏನೋ ತೆಗೆದು, ಗುನುಗುತ್ತ, ಬೆಳಿಗ್ಗೆಯೆಲ್ಲ ಉಜ್ಜಿ ತಿರುಗಿಸಿ ಕೂರಿಸುತ್ತಿದ್ದ. ಇವನು ಹತ್ತಿರ ಬಂದರೆ ಮೇಲೆ ಬಟ್ಟೆ ಎಳೆದು ಮುಚ್ಚುತ್ತಿದ್ದ. 'ಮುಚ್ಚಿಕೋ' ಎಂದುಕೊಂಡ ಅವನು. 'ನಿನ್ನ ವಿದ್ಯೆ ಎಲ್ಲಿ ಕದ್ದುಬಿಡುತ್ತೇನೋ ಅಂತ ಹೆದರಿಕೆ ಅಲ್ಲವೇ.' ಇದ್ದ ಒಂದಿಷ್ಟು ಹಿಂಜರಿಕೆಯೂ ಅಲ್ಲಿಗೆ ಮುಗಿಯಿತು.

ಊಟದ ಹೊತ್ತಿಗೆ ಬಾಗಿಲು ಅರ್ಧ ಎಳೆದರು. ಭಾವ ಹಿತ್ತಿಲಿಗೆ ಕೈ ತೊಳೆಯಲು ಹೋದಾಗ ಅವನು ಕೈಗವಸಿನಲ್ಲೇ ಮದ್ದು ಸುರಿದು, ಗುಂಡು ಇಳಿಸಿ, ಸರಳಿನಿಂದ ಜಡಿದ. ಎಷ್ಟೋ ವರ್ಷ ದೂರದಿಂದ ನೋಡಿದ ಕೆಲಸ, ಕೈ ತಪ್ಪಲಿಲ್ಲ. ಆಮೇಲೆ ಕೈಗವಸು ಕಳಚಿ ಜೇಬಿಗೆ ತುರುಕಿ, ಕೋವಿಯನ್ನು ಎತ್ತಿಕೊಂಡ. ಉಕ್ಕೆಲ್ಲ ಒಂದೇ ಬೆಳ್ಳಿಬೂದಾಗಿ ಕಂಡಿತು, ನಳಿಗೆ ತಣ್ಣಗಿತ್ತು. ಅದನ್ನು ಉದ್ದಕ್ಕೂ ಸವರಿದ. ಹೆತ್ತವರಿಗೆ ಮಗು ಹುಟ್ಟಿದಾಗ ಹೀಗೇ ಆಗುತ್ತದೇನೋ ಎಂದು ಅನ್ನಿಸಿತು.

ಭಾವ ಬಂದವನು ಬಾಗಿಲಲ್ಲೇ ನಿಂತ. ಬೈಯಲಿಲ್ಲ. "ತಗೊಂಡೇಬಿಟ್ಯಾ! ಇನ್ನೂ ಸ್ವಲ್ಪ ಕೆಲಸ ಇತ್ತಲ್ಲೋ."

"ಒಂದ್ಸಲ ಹಿಡೀತೀನಿ ಭಾವ. ನೀವು ಊದಿ ನೋಡಿ, ದಾರಿ ಸರಿಯಿದ್ಯಾ ಅಂತ."

"ಊದ್ತೀನಿ ಇರು. ಅದಕ್ಕೆ ಮುಂಚೆ ಒಂದು ಮಾತು, ಆ ಕುದುರೆ ಇದೆಯಲ್ಲ..."

"ಆಮೇಲೆ ಹೇಳಿ ಭಾವ. ಮೊದಲು ಊದಿ."

ಇವನ ಅವಸರಕ್ಕೆ ಭಾವ ನಕ್ಕು, ಮಂಡಿಯ ಮೇಲೆ ಕೈಯಿಟ್ಟು ಬಾಗಿದ. ಅವನು ಬಾಗುವಷ್ಟರಲ್ಲಿ ಕೇಪು ಕೂತಿತು, ಹೆಬ್ಬೆರಳು ಕುದುರೆಯನ್ನು ಎತ್ತಿತು. ಪಕ್ಕದ ದರ್ಜಿ ಕತ್ತರಿ ಕೆಳಗಿಟ್ಟು ಊಟಕ್ಕೆ ಎದ್ದ.

ಮುಂದಿನದೆಲ್ಲ ನೂರು ಸಲ ಮನಸ್ಸಿನಲ್ಲಿ ಮಾಡಿದ್ದೇ ಆಗಿತ್ತು. ಒಣಬಟ್ಟೆಯಿಂದ ಕೋವಿಯನ್ನು ಒರೆಸಿ, ಭಾವನ ಕೈಗಳನ್ನು ಅದಕ್ಕೆ ಒತ್ತಿ, ಪಕ್ಕದಲ್ಲಿ ಮಲಗಿಸಿದ. ಹಿತ್ತಿಲ ನಲ್ಲಿಯಲ್ಲಿ ಮುಖ ತೊಳೆದ. ಹಿಂದಿನ ಗಲ್ಲಿಯಿಂದ ಮನೆಗೆ ಹೋಗಿ ಅಕ್ಕ ಬಡಿಸಿದ್ದನ್ನು ಉಂಡ. ಮರಳಿ ಬಂದು ಬಾಗಿಲು ಎತ್ತಿ, ಬೀದಿಗೆ ಕೇಳುವ ಹಾಗೆ ಕೂಗಿಕೊಂಡ.

ಇನ್ಸ್‌ಪೆಕ್ಟರು ನಿಧಾನದ ಮನುಷ್ಯ, ಮಾತಿಗೊಮ್ಮೆ ಕನ್ನಡಕ ಒರೆಸುವವರು. "ನೀವು ಕೋವಿ ಮುಟ್ಟಿದ್ರಾ?" ಎಂದು ಕೇಳಿದರು.

"ನಾನು ಯಾವ ಕೋವಿನೂ ಮುಟ್ಟಲ್ಲ ಸಾರ್. ಇದನ್ನಂತೂ ಹತ್ತಿರದಿಂದ ನೋಡೇ ಇಲ್ಲ. ಬೀದಿಯಲ್ಲಿ ಯಾರನ್ನ ಬೇಕಾದ್ರೂ ಕೇಳಿ." ಕೈಗವಸಿನ ಕೈಗಳನ್ನು ಎತ್ತಿ ತೋರಿಸಿದ.

ಅಳುತ್ತಿದ್ದ ಅಕ್ಕ ತಲೆಯೆತ್ತಿ ಅವನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಅವನ ಪರವಾಗಿ ತಾನೇ ಮಾತಾಡಿದಳು. "ನಿಜ ಸಾರ್. ಇವನು ಮುಟ್ಟಿದ್ದಕ್ಕೆಲ್ಲ ತುಕ್ಕು ಹಿಡಿಯುತ್ತೆ. ಬೇಕಾದ್ರೆ ಆ ಕೋವಿನ ಎಣ್ಣೆ ಸೋಕಿಸದೆ ಹಾಗೇ ಇಟ್ಟು ಕೆಲವು ದಿನ ಕಾಯಿರಿ. ಮುಟ್ಟಿದ್ರೆ ಕೋವಿನೇ ಹೇಳುತ್ತೆ."

ಅವನಿಗೆ ಅಕ್ಕನ ಕಾಲಿಗೆ ಬೀಳಬೇಕೆನ್ನಿಸಿತು. ತಾನು ಹೇಳಿಸಬೇಕೆಂದಿದ್ದ ಮಾತು ಅವಳ ಬಾಯಲ್ಲಿ ತಾನಾಗಿ ಬಂದಿತ್ತು. ಲೇಪದ ಗುಟ್ಟು ತಿಳಿದಿದ್ದವನು ಭಾವನೊಬ್ಬನೇ, ಅವನ ಬಾಯಿ ಮುಚ್ಚಿತ್ತು. ಗಂಡ ಹೆಂಡತಿ ಊಟಕ್ಕೆ ಕೂತಾಗ ಮಾತಾಡುತ್ತಾರೆಂಬುದು ಮದುವೆಯಾಗದ ಅವನ ತಲೆಗೆ ಹೊಳೆಯಲಿಲ್ಲ. ಇನ್ಸ್‌ಪೆಕ್ಟರಿಗೂ ಇದು ಮೋಜೆನಿಸಿತು. ಠಾಣೆಯಲ್ಲಿ ತಮ್ಮ ಮೇಜಿನ ಮೇಲಿದ್ದ ಉಕ್ಕಿನ ಅಳತೆಪಟ್ಟಿಯನ್ನು ಅವನ ಬರಿಗೈಯಲ್ಲಿ ಹಿಡಿಸಿ, ಕೋವಿಯ ಜೊತೆಗೇ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅವನು ಧಾರಾಳವಾಗಿ ಒತ್ತಿ ಹಿಡಿದ. ಚಿಕ್ಕಂದಿನಲ್ಲಿ ಡಬ್ಬಿಯ ಮುಚ್ಚಳ ಕೊಯ್ದು ಹೆಬ್ಬೆರಳಿಗೆ ಅಡ್ಡಲಾಗಿ ಬಿದ್ದಿದ್ದ ಗಾಯದ ಗೆರೆಯೂ ಮೂಡಲಿ ಎಂಬಷ್ಟು ಧಾರಾಳ.

ಕಾಯುವ ದಿನಗಳಲ್ಲಿ ಅವನು ಚೆನ್ನಾಗಿ ಉಂಡ, ಚೆನ್ನಾಗಿ ಮಲಗಿದ. ಅಪ್ಪನ ಮೇಜಿನ ಮುಂದಿನ ಸ್ಟೂಲಿನ ಮೇಲೆ ಕೂತು ನೋಡಿದ. ಅಂಗಡಿಗೆ ತರಿಸುವ ಕೋವಿಗಳೆಲ್ಲ ಇನ್ನು ಮುಂದೆ ಬೆಳ್ಳಿಬೂದು ಲೇಪದವೇ ಎಂದು ತೀರ್ಮಾನಿಸಿದ. ಅಕ್ಕ ಅವನ ಹತ್ತಿರ ಹೆಚ್ಚು ಮಾತಾಡುತ್ತಿರಲಿಲ್ಲ. ದುಃಖ, ಪಾಪ, ಎಂದುಕೊಂಡ.

ಬೀರು ತೆರೆಯುವ ದಿನ ಇಬ್ಬರನ್ನೂ ಠಾಣೆಗೆ ಕರೆಸಿದರು. ಮೊದಲು ಅಳತೆಪಟ್ಟಿ ಹೊರಬಂತು. ಅವನ ಹೆಬ್ಬೆರಳು ಅದರ ಮೇಲೆ ಕೆಂಪಗೆ ಕೂತಿತ್ತು, ಅಡ್ಡಗೆರೆಯ ಸಮೇತ. ಪೇದೆಗಳೆಲ್ಲ ಬಗ್ಗಿ ನೋಡಿ ಬೆರಗಾದರು. ಆಮೇಲೆ ಕೋವಿ ಬಂತು. ನಳಿಗೆ ಬೆಳದಿಂಗಳ ಹಾಗೆ ಸ್ವಚ್ಛ. ಟ್ರಿಗರು ಸ್ವಚ್ಛ. ಸ್ಕ್ರೂಗಳ ತಲೆಯೂ ಸ್ವಚ್ಛ. ಅವನು ಹೊರಡಲೆಂದು ಕೈಗವಸು ಎಳೆದುಕೊಂಡ. ಇನ್ಸ್‌ಪೆಕ್ಟರು ಕನ್ನಡಕ ಒರೆಸಿಕೊಂಡು ಕೋವಿಯನ್ನು ಮಗ್ಗುಲಿಗೆ ತಿರುಗಿಸಿದರು, ತಿರುಗಿಸಿದ ಕೈ ಅಲ್ಲೇ ನಿಂತಿತು.

ಕುದುರೆಯ ನೆತ್ತಿಯ ಮೇಲೆ ಕೆಂಪು ಹೆಬ್ಬೆರಳೊಂದು ಮೂಡಿತ್ತು. ಇನ್ಸ್‌ಪೆಕ್ಟರು ಅಳತೆಪಟ್ಟಿಯನ್ನು ಅದರ ಪಕ್ಕಕ್ಕೆ ಇಟ್ಟರು. ಎರಡರಲ್ಲೂ ಅದೇ ಅಡ್ಡಗೆರೆ. "ಸಾಧ್ಯನೇ ಇಲ್ಲ!" ಎಂದು ಅವನು ಕೂಗಿಬಿಟ್ಟ. "ಇಡೀ ಕೋವಿಗೆ ಲೇಪ ಇದೆ, ನಾನೇ ನೋಡಿ ಆರಿಸಿದ್ದು!" ಆಡಿದ ಮಾತು ಕಿವಿಗೆ ಬಿದ್ದ ಮೇಲೆ ಬಾಯಿ ಮುಚ್ಚಿದ. ಅಕ್ಕ ಅಳಲಿಲ್ಲ, ದನಿಯನ್ನೂ ಏರಿಸಲಿಲ್ಲ. "ಕುದುರೆ ಕಂಪನಿದಲ್ಲ ಕಣೋ, ಅಪ್ಪ ಮಾಡಿದ ಕೊನೇದು. ಖಾನೆಯಲ್ಲಿ ಸುತ್ತಿಟ್ಟಿದ್ರು. 'ಪಾಪ, ಅವನೂ ಮುಟ್ಟಬಹುದಾದ ಕೋವಿನ ಅವನೇ ಹುಡುಕಿದಾನೆ, ಅದಕ್ಕೆ ಅಪ್ಪನ ಕೈಕೆಲಸ ಸೇರಿಸಿ ಅವನಿಗೇ ಕೊಡ್ತೀನಿ' ಅಂತ ನಿನ್ನ ಭಾವ ಹಟ ಹಿಡಿದಿದ್ರು. ಮಾರನೇ ದಿನ ಕುಲುಮೆಗೆ ಕಳಿಸೋರಿದ್ರು. ಅದೊಂದಕ್ಕೆ ಇನ್ನೂ ಲೇಪ ಹಾಕ್ಸಿರಲಿಲ್ಲ."