ಶಿವಕಾಂತಾಳ ತಡ

ಲೆಕ್ಕವೇ ತಪ್ಪಿರಬಹುದೇ? ಛೆ, ತಪ್ಪುವವರು ಈ ಭಜನೆಯ ಹೆಂಗಸರು. ಮಾದನಹಿಪ್ಪರಗಾದ ಗುಡಿಕಟ್ಟೆಯ ಮೇಲೆ ಕೂತು ಕಲ್ಲಿನಾಥ ತನಗೇ ಸಮಾಧಾನ ಹೇಳಿಕೊಂಡ.

ಗಣಿತ ಓದಿದವನು. ತನ್ನ ಸಂಶೋಧನೆಯ ವರದಿಗೆಂದು ಪ್ರತಿ ಸೋಮವಾರ ಸಂಜೆ ಆಳಂದದಿಂದ ಬಸ್ಸಿನಲ್ಲಿ ಬಂದು ಇವರ ಭಜನೆಯ ಹೊಂದಾಣಿಕೆಯನ್ನು ಅಳೆಯುತ್ತಿದ್ದ. ಮುದುಕಿ ಗೌರಾಬಾಯಿ ಹಾಡುತ್ತಿದ್ದಳು. ಉಳಿದ ಎಂಟು ಜನ ತಾಳ ಹೊಡೆಯುತ್ತಿದ್ದರು. ಎಂಟು ತಾಳಕ್ಕೂ ಒಂದೊಂದು ಪುಟ್ಟ ಮೈಕು. ಅವನ ಲೆಕ್ಕದಲ್ಲಿ ಪ್ರತಿ ಪೆಟ್ಟೂ ಗಡಿಯಾರದ ಒಂದು ಮುಳ್ಳು. ಮುಳ್ಳುಗಳೆಲ್ಲ ಒಂದೇ ಕಡೆ ತೋರಿಸಿದರೆ ಅಂಕ ಒಂದು, ದಿಕ್ಕಾಪಾಲಾದರೆ ಸೊನ್ನೆ.

"ನಮಗ ಎಷ್ಟ್ ಮಾರ್ಕ್ಸ್ ಬಂದಾವ್ರಿ ಸರ?" ತಾಳದವರಲ್ಲೊಬ್ಬಳಾದ ಶಿವಕಾಂತಾ ಅಂದು ಕೇಳಿದಳು. ಅವಳ ನಗು ತುಟಿಯಲ್ಲಿರಲಿಲ್ಲ, ಕಣ್ಣಲ್ಲಿತ್ತು. ಅವನಿಗೆಂದು ತಂದ ಖಡಕ್ ರೊಟ್ಟಿಯ ಗಂಟನ್ನು ಲ್ಯಾಪ್‌ಟಾಪಿನ ಪಕ್ಕ ಇಟ್ಟಳು.

"ಪಾಯಿಂಟ್ ಎಂಟು."

"ಒಂದ್ ಯಾಕ ಬರಲಿಲ್ರಿ?"

"ನಿಮ್ಮಿಂದ. ಚರಣ ಮುಗಿದಾಗೊಮ್ಮೆ ನೀವು ತಡ ಹೊಡ್ಯಾಕತ್ತೀರಿ, ಅದಕ್ಕ ಉಳಿದವರೂ ತಪ್ಪಾಕತ್ತಾರ. ತಾಳ ಬ್ಯಾರೆಯವರ ಕೈಗೆ ಕೊಡ್ರಿ."

ಅವಳು ಮೈಕು ಬಿಚ್ಚಿ ಅವನ ಮುಂದಿಟ್ಟಳು; ತಾಳವನ್ನು ಭಜನೆ ಕೇಳಲು ಕೂತಿದ್ದ ಜಯಮಾಲಾಳಿಗೆ ಕೊಟ್ಟಳು. ಅವಳ ಕಣ್ಣಿನ ನಗು ಆರಿತ್ತು. ಅಂಕಿ ಅರ್ಥವಾಗದವರಿಗೆ ಸಿಟ್ಟು ಸಹಜವೆಂದುಕೊಂಡು ಅವನು ರೊಟ್ಟಿ ಮುರಿದ.

ಮುಂದಿನ ಸೋಮವಾರ ಶಿವಕಾಂತಾ ಬರಿಗೈಯಲ್ಲಿ ಕೂತಿದ್ದಳು. ಎರಡನೇ ಚರಣಕ್ಕೇ ತಾಳ ಚೆಲ್ಲಾಪಿಲ್ಲಿಯಾಯಿತು. ಕೆಲವರು ಮುಂದೋಡಿದರು, ಕೆಲವರು ನಿಂತರು. ಗೌರಾಬಾಯಿ ಎದೆ ಹಿಡಿದುಕೊಂಡು ಹಾಡು ನಿಲ್ಲಿಸಿದಳು. "ದಮ್ ಹತ್ತಾಕತ್ತದವ್ವಾ."

"ಈಗ ಎಷ್ಟ್ರಿ?" ಶಿವಕಾಂತಾ ಕೇಳಿದಳು.

"ಪಾಯಿಂಟ್ ನಾಲ್ಕು."

"ನನ್ನ ತೆಗೆದ್ ಮ್ಯಾಲೂ? ಭಾರಿ ಶಾಣ್ಯಾ ಇದ್ದೀರಿ ಬಿಡ್ರಿ." ಈ ಸಲ ನಗು ತುಟಿಯಲ್ಲಿತ್ತು, ಕಣ್ಣಲ್ಲಿರಲಿಲ್ಲ. "ಎಂಟು ತಾಳಕ್ಕ ಮೈಕ್ ಹಚ್ಚಿದ್ರಿ. ಗೌರಾ ಆಯಿ ಉಸಿರಿಗೆ ಹಚ್ಚಿದ್ರೇನು? ಆಕಿ ಉಸಿರು ತಗೊಳ್ಳೋತನಕ ನಾ ಕಾಯ್ತಿದ್ದೆ. ಇವರು ನನ್ನ ಕೈ ನೋಡಿ ಹೊಡೀತಿದ್ರು."

"ಮೈಕಿನ ಬ್ಯಾಟರಿ ಇಳಿದಿರಬೇಕು," ಎಂದ ಕಲ್ಲಿನಾಥ.

ಶಿವಕಾಂತಾ ಮುದುಕಿಗೆ ನೀರು ಕುಡಿಸಿದಳು. ಅಂದು ಲ್ಯಾಪ್‌ಟಾಪಿನ ಪಕ್ಕ ರೊಟ್ಟಿಯ ಗಂಟಿರಲಿಲ್ಲ.

ವಾಪಸು ಹೋಗುವ ಬಸ್ಸಿನಲ್ಲಿ ಅವನು ಹಳೆಯ ರೆಕಾರ್ಡಿಂಗನ್ನು ಕಿವಿಗೆ ಹಾಕಿಕೊಂಡ. ಚರಣ ಮುಗಿಯುತ್ತದೆ. ಮೌನ. ಆ ಮೌನದೊಳಗೆ ಮುದುಕಿಯ ಏದುಸಿರು. ಅದು ಒಳಗೆ ಹೋದ ಮೇಲೆಯೇ ಶಿವಕಾಂತಾಳ ಒಂದು ಪೆಟ್ಟು, ಹಿಂದೆಯೇ ಉಳಿದವರದು. ಪ್ರತಿ ಸಲವೂ.

ವರದಿಯಲ್ಲಿ ಅವನು ಪಾಯಿಂಟ್ ಎಂಟನ್ನೇ ಬರೆದ. ಮತ್ತೆ ಆ ಊರಿಗೆ ಹೋಗಲಿಲ್ಲ. ತಪ್ಪು ತನ್ನದೆಂದಾಗಲಿ, ಅಷ್ಟು ಸೋಮವಾರ ತಾನು ಬಂದದ್ದು ಅವಳಿಗಾಗಿ ಎಂದಾಗಲಿ ಅವನು ಶಿವಕಾಂತಾಳಿಗೆ ಹೇಳಲೇ ಇಲ್ಲ.