ಎರಡನೆಯ ಇಂಜೆಕ್ಷನ್

"ತಲೆ ಸರಿ ಉಂಟಾ ನಿಮಗೆ? ಗಡ್ಡೆ ಬೆಳೆಯುವುದು ನಿಂತಿದೆ, ಈಗ ಇಂಜೆಕ್ಷನ್ ಬೇಡ ಅಂತ ಹೇಳ್ತೀರಲ್ಲ!"

"ಕಿರುಚಬೇಡ ದಮಯಂತಿ. ಪಕ್ಕದ ಮನೆಗೆ ಕೇಳ್ತದೆ."

"ಕೂಳೂರು ಹೊಳೆಯ ಸಂಕದವರೆಗೆ ಕೇಳಲಿ!"

ನಾನು ಮೀನು ಮಾರುವವಳು, ಮೆತ್ತಗೆ ಮಾತಾಡಿ ಗೊತ್ತಿಲ್ಲ. ಎದುರು ಕೂತಿದ್ದ ಬೂಬ ಮೀನಿನ ಬೋಟಿನಲ್ಲಿ ದುಡಿದವರು. ಆದರೂ ದಿನಾ ಮಾರ್ಕೆಟಿಗೆ ಬಂದು, ಬಂಗುಡೆಯ ಕಿವಿರು ಎತ್ತಿ ನೋಡುವ ನೆಪದಲ್ಲಿ ನನ್ನ ಮುಖ ನೋಡುತ್ತಿದ್ದರು. ಒಂದು ದಿನ ಕೇಳಿಯೇಬಿಟ್ಟೆ. "ಬೋಟಿನವರಿಗೂ ಮೀನಿಗೆ ಬರಗಾಲವಾ ಮಾರಾಯ್ರೆ?" ಕಿವಿರಿಗಿಂತ ಕೆಂಪಾದರು.

ಮೇ ತಿಂಗಳಲ್ಲಿ ಮದುವೆ ಎಂದಾಯಿತು. ನನಗೆ ನಲವತ್ತಾರು, ಅವರಿಗೆ ಐವತ್ತು. ಅಷ್ಟರಲ್ಲಿ ಅವರ ಕೆನ್ನೆಯ ಒಳಗೆ ಕ್ಯಾನ್ಸರ್ ಗಡ್ಡೆ.

ಆಸ್ಪತ್ರೆಯಲ್ಲಿ ಹೊಸ ಚಿಕಿತ್ಸೆಯ ಟ್ರಯಲ್ ನಡೆಯುತ್ತಿತ್ತು. ಡಾಕ್ಟರ್ ಬೆನಿಟಾ ಬಿಡಿಸಿ ಹೇಳಿದರು: ರೋಗ ತರುವ ಶಕ್ತಿ ತೆಗೆದ ವೈರಸ್ಸಿನಲ್ಲಿ ಮನುಷ್ಯರದ್ದೇ ಒಂದು ಒಳ್ಳೆಯ ಜೀನ್ ಇಟ್ಟು ಗಡ್ಡೆಗೇ ಚುಚ್ಚುತ್ತೇವೆ, ಗುಣವಾಗುತ್ತದೆ ಎಂದು ಹೇಳಲಾರೆ, ಬೆಳೆಯುವುದು ನಿಧಾನವಾಗಬಹುದು. ಮೊದಲ ಇಂಜೆಕ್ಷನ್ ಆಗಿ ತಿಂಗಳಾಯಿತು. ಅಳತೆ ತೆಗೆದಾಗ ಗಡ್ಡೆ ಕೂದಲೆಳೆಯಷ್ಟೂ ಬೆಳೆದಿರಲಿಲ್ಲ. ಎರಡನೆಯದು ಸೋಮವಾರ.

"ಯಾಕೆ ಬೇಡ? ಕಾರಣ ಹೇಳಿ."

ಅವರ ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಕಣ್ಣು ಮಾತ್ರ ಮಾರ್ಕೆಟಿನಲ್ಲಿ ಕದ್ದು ನೋಡುತ್ತಿದ್ದ ಅದೇ ಕಣ್ಣು.

"ಆ ಜೀನ್ ಮನುಷ್ಯರದ್ದೇ ಅಂತ ಡಾಕ್ಟ್ರು ಹೇಳಿದ್ರಲ್ಲ. ಯಾವ ಬಳಿಯವರದ್ದು ಅಂತ ನನ್ನ ಕಿನ್ನಿ ಅಕ್ಕ ನಿನ್ನೆ ಕೇಳಿದ್ಳು. ನಿನ್ನ ಬಳಿಯವರದ್ದಾದ್ರೆ ನಾವು ಅಣ್ಣ ತಂಗಿ ಆಗ್ತೇವೆ. ಮತ್ತೆ ಮದುವೆ ಹೇಗೆ?"

ನಮ್ಮಲ್ಲಿ ಬಳಿ ಅಂದರೆ ಗೋತ್ರದ ಹಾಗೆ, ತಾಯಿಯಿಂದ ಬರುವುದು. ಒಂದೇ ಬಳಿಯವರು ಮದುವೆಯಾಗುವಂತಿಲ್ಲ. ಆದರೆ ಇಂಜೆಕ್ಷನ್ನಿಗೂ ಬಳಿ ಕೇಳುವವರನ್ನು ನಾನು ಕಂಡದ್ದು ಅಂದೇ.

"ಅದು ಲ್ಯಾಬಿನಲ್ಲಿ ಮಾಡಿದ್ದು ಮಾರಾಯ್ರೆ! ಗಡ್ಡೆಗೆ ಚುಚ್ಚಿದ್ರೆ ನಿಮ್ಮ ಅಮ್ಮ ಬದಲಾಗ್ತಾರಾ?"

"ಇಂಜೆಕ್ಷನ್ ಇಲ್ಲದೆ ಆರು ತಿಂಗಳು ಬದುಕಿದ್ರೂ ನನಗೆ ಸಾಕು," ಎಂದರು. "ನಿನ್ನ ಗಂಡನಾಗಿ."

ಆ ಮಾತಿಗೆ ನಾನು ಕರಗಬೇಕಿತ್ತು. ಸಿಟ್ಟು ನೆತ್ತಿಗೇರಿತು. ಆರು ತಿಂಗಳ ಗಂಡ ನನಗೆ ಬೇಡ, ಬದುಕಿರುವ ಬೂಬ ಬೇಕಿತ್ತು. ಹಾಗೆಂದೇ ಹೇಳಿದ್ದರೆ ಆಗುತ್ತಿತ್ತು. ಬಾಯಿಗೆ ಬಂದದ್ದು ಬೇರೆ.

"ಹಾಗಾದ್ರೆ ಮದುವೆಯೇ ಬೇಡ! ಈಗ ತೆಗೊಳ್ತೀರಾ ಇಂಜೆಕ್ಷನ್?"

ಅವರು ಊದಿದ ಕೆನ್ನೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡರು. "ಈ ಮುಖ ನೋಡ್ಲಿಕ್ಕೆ ಆಗುದಿಲ್ಲ ಅಂತ ನೇರ ಹೇಳು."

"ಹೌದು, ಆಗುದಿಲ್ಲ!"

ಸುಳ್ಳು. ಆ ಮುಖಕ್ಕೆ ಮುಳ್ಳು ತೆಗೆದ ಮೀನನ್ನು ಅನ್ನಕ್ಕೆ ಕಲಸಿ ದಿನಾ ತಿನ್ನಿಸಿದವಳು ನಾನು.

ಬೂಬ ಎದ್ದು ಚಪ್ಪಲಿ ಮೆಟ್ಟಿದರು. ಅಂಗಳ ದಾಟುವವರೆಗೂ ಕರೆಯಬಹುದಿತ್ತು. ತಾವೇ ತಿರುಗಿ ಬರಲಿ ಎಂದು ಬಾಗಿಲಲ್ಲಿ ಕೈಕಟ್ಟಿ ನಿಂತೆ.

ಬರಲಿಲ್ಲ.

ಸೋಮವಾರ ಬೆಳಿಗ್ಗೆಯಿಂದ ಆಸ್ಪತ್ರೆಯ ಬೆಂಚಿನಲ್ಲಿ ಕಾದೆ. ನರ್ಸ್ ಮೂರು ಸಲ ಅವರ ಹೆಸರು ಕೂಗಿದಳು. ಆಮೇಲೆ ಇನ್ಯಾರದೋ ಹೆಸರು ಕೂಗಿದಳು.